ಸೆಳೆತ, ಜೋಮು, ಉರಿ: ಮಧುಮೇಹಿಯ ಕೈಕಾಲುಗಳು ಹೇಳುವ ಮಾತು

2018ರ ಜನವರಿಯಲ್ಲಿ ನನಗೆ ಮಧುಮೇಹ ಇದೆಯೆಂದು ತಿಳಿಯಿತು. ಅದಕ್ಕೂ ನಾಲ್ಕೈದು ತಿಂಗಳ ಮೊದಲೇ ನನ್ನ ಕಾಲುಗಳಿಗೆ ವಿಷಯ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಫಹಾಹೀಲಿನ ನಮ್ಮ ರೂಮಿನಲ್ಲಿ ರಾತ್ರಿ ಎರಡು ಗಂಟೆಯ ಹೊತ್ತಿಗೆ ಬಲಗಾಲಿನ ಮೀನಖಂಡ ಕಲ್ಲಿನಂತೆ ಗಂಟು ಕಟ್ಟುತ್ತಿತ್ತು. ಎದ್ದು ಕೂತು, ಎರಡೂ ಕೈಯಲ್ಲಿ ಕಾಲನ್ನು ಒತ್ತಿ ಹಿಡಿದುಕೊಂಡು, ಪಕ್ಕದವರಿಗೆ ಎಚ್ಚರವಾಗದಂತೆ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಸೈಟಿನಲ್ಲಿ ದಿನವಿಡೀ ನಿಂತೇ ಮಾಡುವ ಕೆಲಸ, ಅದರ ಆಯಾಸ ಎಂದುಕೊಂಡಿದ್ದೆ.

ಸಕ್ಕರೆಗೆ ಔಷಧ ಶುರುವಾದ ಕೆಲವು ವಾರಗಳಲ್ಲಿ ಆ ಸೆಳೆತ ಬಹುಮಟ್ಟಿಗೆ ನಿಂತಿತು. ನಾಲ್ಕು ವರ್ಷಗಳ ನಂತರ ಕಾಲುಗಳಲ್ಲಿ ಮತ್ತೊಂದು ತೊಂದರೆ ಕಾಣಿಸಿಕೊಂಡಿತು. ನಾನು ಅದಕ್ಕೂ 'ಸೆಳೆತ' ಎಂದೇ ಹೆಸರಿಟ್ಟೆ. ಡಾಕ್ಟರ ಮುಂದೆ ಹೋದಾಗ 'ಲೆಗ್ ಪೇನ್' ಎಂದೆ. ಆ ತಪ್ಪು ಹೆಸರಿನಿಂದ ಸುಮಾರು ಒಂದೂವರೆ ವರ್ಷ ಕಳೆದುಹೋಯಿತು. ಕೈಕಾಲಿನ ತೊಂದರೆಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಹೆಸರುಗಳಿವೆ, ಆ ಒಂದೊಂದು ಹೆಸರಿಗೂ ಬೇರೆ ಬೇರೆ ಕಾರಣವಿದೆ, ಹೆಸರನ್ನು ಸರಿಯಾಗಿ ಹೇಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂಬುದನ್ನು ನಾನು ತಡವಾಗಿ ಕಲಿತೆ. ನಮ್ಮವರಲ್ಲಿ ಇನ್ನೊಬ್ಬರು ಇಷ್ಟು ತಡಮಾಡಬಾರದೆಂದು ಈ ಲೇಖನ. ನಾನು ವೈದ್ಯನಲ್ಲ. ಓದಿ, ವೈದ್ಯರನ್ನು ಕೇಳಿ, ನನ್ನ ಕಾಲಿನ ಮೇಲೆಯೇ ಅನುಭವಿಸಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಹದಿಮೂರು ಎಂದರೆ ಎಷ್ಟು?

ಕುವೈತಿನಲ್ಲಿ ಈ ರೋಗದ ಹೆಸರು 'ಸುಕ್ಕರಿ'. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ 2021ರಲ್ಲಿ ಹೊರತಂದ ಅಟ್ಲಾಸಿನ ಪ್ರಕಾರ, 20ರಿಂದ 79 ವರ್ಷದೊಳಗಿನವರಲ್ಲಿ ಮಧುಮೇಹದ ಪ್ರಮಾಣ, ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ, ಕುವೈತಿನಲ್ಲಿ ಶೇ. 24.9. ಅಂದರೆ ಸುಮಾರು ನಾಲ್ವರಲ್ಲಿ ಒಬ್ಬರು. ಜಗತ್ತಿನ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಇದೂ ಒಂದು. ಮಧುಮೇಹದ ಸಂಶೋಧನೆಗೆಂದೇ ಇಲ್ಲಿ 2006ರಲ್ಲಿ ದಸ್ಮಾನ್ ಮಧುಮೇಹ ಸಂಸ್ಥೆ ಆರಂಭವಾಯಿತು. ಊರಿನ ಕಡೆ ನೋಡಿದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜಿಸಿತು. ಅಲ್ಲಿಂದ ಇಲ್ಲಿಗೆ ಬಂದ ನಾವು ಎರಡೂ ಲೆಕ್ಕಗಳ ನಡುವೆ ಇದ್ದೇವೆ.

ಇಲ್ಲಿನ ಪ್ರಯೋಗಾಲಯಗಳು ಸಕ್ಕರೆಯನ್ನು ಬರೆಯುವ ರೀತಿಯೂ ಬೇರೆ. ನನ್ನ ಮೊದಲ ವರದಿಯಲ್ಲಿ, ಖಾಲಿ ಹೊಟ್ಟೆಯಲ್ಲಿ 13.4 ಎಂದಿತ್ತು. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಹದಿಮೂರೇನಾ? ಹಾಗಾದ್ರೆ ಏನೂ ಇಲ್ಲ ಬಿಡು ಮಗಾ. ನಿಮ್ಮ ಸೋದರಮಾವಂದು ಇನ್ನೂರ ಐವತ್ತಿತ್ತು" ಎಂದು ಸಮಾಧಾನಪಟ್ಟರು. ನಿಜವೇನೆಂದರೆ ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ. ಊರಿನಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆ ಎಂದು ಬರೆಯುತ್ತಾರೆ, ಇಲ್ಲಿ ಒಂದು ಲೀಟರಿನಲ್ಲಿ ಎಷ್ಟು ಮಿಲಿಮೋಲ್ ಎಂದು. ಇಲ್ಲಿಯ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ. 13.4 ಎಂದರೆ 241. ಖಾಲಿ ಹೊಟ್ಟೆಯಲ್ಲಿ 7.0, ಅಂದರೆ 126, ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹದ ಸೀಮೆ. ಈ 18ರ ಲೆಕ್ಕವನ್ನು ನೆನಪಿಡಿ. ರಾತ್ರಿಯ ಸೆಳೆತಕ್ಕೂ ಇದಕ್ಕೂ ನೇರ ಸಂಬಂಧವಿದೆ.

ಮೊದಲ ಹೆಸರು: ಸೆಳೆತ

ನಿಜವಾದ ಸೆಳೆತದ ಗುರುತು ಸ್ಪಷ್ಟ. ಸ್ನಾಯು ತಾನಾಗಿಯೇ ಬಿಗಿಯುತ್ತದೆ, ಕೈಗೆ ಗಟ್ಟಿಯಾಗಿ ಸಿಗುತ್ತದೆ, ಕೆಲವು ಕ್ಷಣಗಳಿಂದ ಕೆಲವು ನಿಮಿಷ ಇದ್ದು ಬಿಡುತ್ತದೆ. ಮರುದಿನ ಆ ಜಾಗ ಹೊಡೆಸಿಕೊಂಡಂತೆ ನೋಯಬಹುದು.

ಸ್ನಾಯುವಿಗೆ ಎರಡು ಬಗೆಯ ಸುದ್ದಿ ಹೋಗುತ್ತಿರುತ್ತದೆ. ಒಂದು 'ಬಿಗಿ' ಎನ್ನುತ್ತದೆ, ಇನ್ನೊಂದು 'ಸಾಕು, ಸಡಿಲಿಸು' ಎನ್ನುತ್ತದೆ. ಸಡಿಲಿಸುವ ಸುದ್ದಿ ಹೊರಡುವುದು ಸ್ನಾಯು ಮೂಳೆಗೆ ಅಂಟುವ ಸ್ನಾಯುರಜ್ಜುವಿನಿಂದ, ಅದೂ ರಜ್ಜು ಎಳೆತಕ್ಕೆ ಒಳಗಾದಾಗ. ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಂಡು ಮೀನಖಂಡ ಆಗಲೇ ಕುಗ್ಗಿರುತ್ತದೆ, ರಜ್ಜು ಸಡಿಲವಾಗಿರುತ್ತದೆ. ಆ ಸ್ಥಿತಿಯಲ್ಲಿ ನರ ಸ್ವಲ್ಪ ಕೆರಳಿದರೂ ತಡೆಯುವ ಸುದ್ದಿ ಸಾಲದೆ ಸ್ನಾಯು ಗಂಟು ಕಟ್ಟುತ್ತದೆ. ರಾತ್ರಿಯ ಸೆಳೆತಕ್ಕೆ ಬಹುಮಟ್ಟಿಗೆ ಒಪ್ಪಿತವಾದ ವಿವರಣೆ ಇದು.

ನರ ಕೆರಳುವುದು ಏಕೆ? ಮಧುಮೇಹಿಗಳಲ್ಲಿ ಮೊದಲ ಕಾರಣ ಸಕ್ಕರೆಯೇ. ರಕ್ತದ ಸಕ್ಕರೆ ಸುಮಾರು 180 (ಇಲ್ಲಿಯ ಲೆಕ್ಕದಲ್ಲಿ 10) ದಾಟಿದ ಮೇಲೆ ಮೂತ್ರಪಿಂಡಗಳಿಗೆ ಅಷ್ಟನ್ನೂ ಹಿಡಿದಿಡಲಾಗುವುದಿಲ್ಲ. ಸಕ್ಕರೆ ಮೂತ್ರದಲ್ಲಿ ಹೊರಹೋಗುತ್ತದೆ. ಹೋಗುವಾಗ ನೀರನ್ನೂ, ನೀರಿನ ಜೊತೆ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳನ್ನೂ ಎಳೆದುಕೊಂಡು ಹೋಗುತ್ತದೆ. ರಾತ್ರಿ ಮೂರು ಬಾರಿ ಬಾತ್‌ರೂಮಿಗೆ ಎದ್ದು, ನಾಲ್ಕನೆಯ ಬಾರಿ ಸೆಳೆತಕ್ಕೆ ಎದ್ದರೆ ಎರಡಕ್ಕೂ ಮೂಲ ಒಂದೇ ಇರಬಹುದು. ನನ್ನ ಮೊದಲ ಸೆಳೆತ ಇದೇ ಆಗಿತ್ತು. ಸಕ್ಕರೆ ಇಳಿದಂತೆ ಅದು ಹೋದದ್ದೂ ಇದರಿಂದಲೇ.

ಕುವೈತಿನ ಬಿಸಿಲು ಇದಕ್ಕೆ ಸೇರಿಕೊಳ್ಳುತ್ತದೆ. 2016ರ ಜುಲೈ 21ರಂದು ಇಲ್ಲಿಯ ಮಿತ್ರಿಬಾದಲ್ಲಿ ದಾಖಲಾದ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ 53.9 ಡಿಗ್ರಿ ಸೆಲ್ಸಿಯಸ್ ಎಂದು ಒಪ್ಪಿಕೊಂಡಿದೆ. ಬೆವರಿನಲ್ಲಿ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. 1920ರ ದಶಕದಲ್ಲಿ ಬ್ರಿಟನ್ನಿನ ಆಳದ ಕಲ್ಲಿದ್ದಲು ಗಣಿಗಳ ಕೆಲಸಗಾರರಿಗೆ ಬರುತ್ತಿದ್ದ ತೀವ್ರ ಸೆಳೆತವನ್ನು ಪರೀಕ್ಷಿಸಿದ ವಿಜ್ಞಾನಿಗಳು ಇದನ್ನೇ ಕಂಡುಕೊಂಡರು: ವಿಪರೀತ ಬೆವರಿ, ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದವರಿಗೆ ಸೆಳೆತ ಬರುತ್ತಿತ್ತು, ನೀರಿಗೆ ಸ್ವಲ್ಪ ಉಪ್ಪು ಸೇರಿಸಿದಾಗ ನಿಲ್ಲುತ್ತಿತ್ತು. ಬಿಸಿಲಿನಿಂದ ಬಂದವರಿಗೆ ಉಪ್ಪು ಹಾಕಿದ ಮಜ್ಜಿಗೆ ಕೊಡುವ ನಮ್ಮ ಮನೆಗಳ ವಾಡಿಕೆಯಲ್ಲಿ ಇದೇ ತಿಳಿವಳಿಕೆ ಇದೆ.

ಮೂರನೆಯ ಕಾರಣ ಔಷಧಗಳು. ಮಧುಮೇಹದ ಜೊತೆ ರಕ್ತದೊತ್ತಡವೂ ಇರುವವರಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳು ಲವಣಗಳನ್ನು ಕಡಿಮೆ ಮಾಡಬಹುದು. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳು ಕೆಲವರಲ್ಲಿ ಸ್ನಾಯು ನೋವು ತರುತ್ತವೆ. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಹೊಸ ಬಗೆಯ ಮಾತ್ರೆಗಳು ದೇಹದ ನೀರನ್ನೂ ಇಳಿಸುತ್ತವೆ. ಇವು ಹೃದಯವನ್ನೂ ಮೂತ್ರಪಿಂಡವನ್ನೂ ಕಾಪಾಡುವ ಔಷಧಗಳು, ಆದ್ದರಿಂದ ನಾವಾಗಿಯೇ ನಿಲ್ಲಿಸುವಂತಿಲ್ಲ. ಸೆಳೆತ ಶುರುವಾದದ್ದು ಯಾವ ಮಾತ್ರೆ ಶುರುವಾದ ಮೇಲೆ ಎಂದು ಡಾಕ್ಟರಿಗೆ ತಿಳಿಸಿದರೆ ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ. ಮೂತ್ರಪಿಂಡ ಮತ್ತು ಥೈರಾಯ್ಡ್ ತೊಂದರೆಗಳೂ ಸೆಳೆತ ತರಬಲ್ಲವು. ಇವೆಲ್ಲ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ.

ಸೆಳೆತ ಹಿಡಿದಾಗ

ಹಿಡಿದ ಸ್ನಾಯುವನ್ನು ನಿಧಾನವಾಗಿ ಹಿಗ್ಗಿಸುವುದೇ ತಕ್ಷಣದ ಮದ್ದು. ಮೀನಖಂಡವಾದರೆ ಮೊಣಕಾಲನ್ನು ನೇರ ಮಾಡಿ, ಪಾದದ ಬೆರಳುಗಳನ್ನು ನಮ್ಮ ಕಡೆಗೆ ಎಳೆಯಬೇಕು. ಕೈಗೆ ಎಟುಕದಿದ್ದರೆ ಟವೆಲನ್ನು ಪಾದಕ್ಕೆ ಸುತ್ತಿ ಎಳೆಯಬಹುದು, ಇಲ್ಲವೇ ಎದ್ದು ಹಿಮ್ಮಡಿ ಊರಿ ನಿಲ್ಲಬಹುದು. ಹೀಗೆ ಮಾಡಿದಾಗ ರಜ್ಜು ಎಳೆಯಲ್ಪಟ್ಟು 'ಸಡಿಲಿಸು' ಎಂಬ ಸುದ್ದಿ ಹೊರಡುತ್ತದೆ. ಕೈಬೆರಳುಗಳು ಸೆಟೆದುಕೊಂಡರೆ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಮೆಲ್ಲಗೆ ಒತ್ತಬೇಕು. ಜೋರಾಗಿ ತಿಕ್ಕುವುದು, ಬೆರಳನ್ನು ಹಿಡಿದು ಜಗ್ಗುವುದು ಬೇಡ.

ತಡೆಯಲು ಮಲಗುವ ಮುಂಚಿನ ವ್ಯಾಯಾಮ ಸಹಾಯ ಮಾಡುತ್ತದೆ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ, 55 ವರ್ಷ ದಾಟಿದವರು ಆರು ವಾರ ಮಲಗುವ ಮೊದಲು ಮೀನಖಂಡ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳನ್ನು ಹಿಗ್ಗಿಸಿದಾಗ ರಾತ್ರಿಯ ಸೆಳೆತ ಕಡಿಮೆಯಾಯಿತು. ನಾನು ಮಾಡುವುದು ಇಷ್ಟೇ: ಗೋಡೆಯಿಂದ ಎರಡಡಿ ದೂರ ನಿಂತು, ಅಂಗೈಗಳನ್ನು ಗೋಡೆಗೆ ಊರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗುವುದು. ನಿಧಾನವಾಗಿ ಇಪ್ಪತ್ತು ಎಣಿಸುವುದು. ಪ್ರತಿ ಕಾಲಿಗೆ ಮೂರು ಸಲ. ರೂಮಿನಲ್ಲಿ ಎರಡು ಮಂಚಗಳ ನಡುವಿನ ಜಾಗ ಇದಕ್ಕೆ ಸಾಕು.

ಮನೆಮದ್ದುಗಳ ಬಗ್ಗೆ ಎರಡು ಮಾತು. 2010ರಲ್ಲಿ ಅಮೆರಿಕದ ಸಂಶೋಧಕರು ವಿದ್ಯುತ್ ಪ್ರಚೋದನೆಯಿಂದ ಸೆಳೆತ ಬರಿಸಿ, ಸೌತೆ ಉಪ್ಪಿನಕಾಯಿಯ ಹುಳಿ ನೀರನ್ನು ಸ್ವಲ್ಪ ಕುಡಿಸಿ ನೋಡಿದರು. ಬರೀ ನೀರು ಕುಡಿದಾಗಿನದಕ್ಕಿಂತ ಬೇಗ ಸೆಳೆತ ಬಿಟ್ಟಿತು, ಅದೂ ಉಪ್ಪು ರಕ್ತಕ್ಕೆ ಸೇರುವ ಮೊದಲೇ. ಗಂಟಲಿನ ನರಗಳಿಗೆ ತಾಗುವ ಹುಳಿಯ ಚುರುಕೇ ಕಾರಣವಿರಬಹುದು ಎಂದು ಅವರ ಊಹೆ. ಇದನ್ನು ಓದಿ ಯಾರೂ ಉಪ್ಪಿನಕಾಯಿ ಜಾಡಿ ತೆರೆಯಬಾರದು. ಮಧುಮೇಹದ ಜೊತೆ ರಕ್ತದೊತ್ತಡವೋ ಮೂತ್ರಪಿಂಡದ ತೊಂದರೆಯೋ ಇರುವವರಿಗೆ ಅದರ ಉಪ್ಪು ದುಬಾರಿ. ಎಳನೀರು ಕೂಡ ಎಲ್ಲರಿಗೂ ಅಮೃತವಲ್ಲ: ಅದರಲ್ಲಿ ಸಕ್ಕರೆಯೂ ಇದೆ, ಮೂತ್ರಪಿಂಡ ಸೋತವರಿಗೆ ಅಪಾಯವಾಗಬಲ್ಲ ಪೊಟ್ಯಾಸಿಯಂ ಕೂಡ ಇದೆ.

ನಮ್ಮವರಲ್ಲಿ ಬಹುಮಂದಿ ಸೆಳೆತ ಎಂದೊಡನೆ ಮೆಗ್ನೀಸಿಯಂ ಮಾತ್ರೆ ಕೊಳ್ಳುತ್ತಾರೆ. ರಕ್ತದಲ್ಲಿ ಅದರ ಕೊರತೆ ಇದ್ದರೆ ಬೇಕು. ಆದರೆ ಕಾರಣ ತಿಳಿಯದ ಸೆಳೆತವಿರುವ ಹಿರಿಯರಲ್ಲಿ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ ಹೇಳಿದೆ. ಹಿಂದೆ ಕ್ವಿನೈನ್ ಕೊಡುವ ರೂಢಿಯಿತ್ತು. ರಕ್ತಕಣ ಮತ್ತು ಹೃದಯದ ಮೇಲಿನ ಗಂಭೀರ ದುಷ್ಪರಿಣಾಮಗಳಿಂದಾಗಿ ಕಾಲಿನ ಸೆಳೆತಕ್ಕೆ ಅದನ್ನು ಬಳಸಬಾರದೆಂದು ಅಮೆರಿಕದ ಔಷಧ ಆಡಳಿತ ಎಚ್ಚರಿಸಿದೆ. ಹಳೆಯ ಚೀಟಿ ಹಿಡಿದುಕೊಂಡು ಊರಿನಿಂದ ಮಾತ್ರೆ ತರಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ಎರಡನೆಯ ಹೆಸರು: ಜೋಮು, ಮೂರನೆಯದು: ಉರಿ

2022ರ ಸುಮಾರಿಗೆ ನನಗೆ ಶುರುವಾದದ್ದು ಸೆಳೆತವಲ್ಲ. ಸ್ನಾಯು ಗಂಟು ಕಟ್ಟುತ್ತಿರಲಿಲ್ಲ. ಎರಡೂ ಪಾದಗಳ ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಜುಮು. ರಾತ್ರಿ ಅಂಗಾಲು ಉರಿ, ಎಷ್ಟೆಂದರೆ ಏಸಿಯ ತಂಪಿನಲ್ಲೂ ಪಾದವನ್ನು ಹೊದಿಕೆಯಿಂದ ಹೊರಗಿಡಬೇಕು. ಹಗಲು ಮೆತ್ತನೆಯ ಬಟ್ಟೆಯ ಮೇಲೆ ನಡೆದಂತೆ. ಮೊದಲ ಸಲ ನೀರು ಕುಡಿದು, ಕಾಲು ಹಿಗ್ಗಿಸಿ ಗೆದ್ದಿದ್ದೆನಲ್ಲ, ಇದಕ್ಕೂ ಅದನ್ನೇ ಮಾಡಿದೆ. ಕಡಿಮೆಯಾಗಲಿಲ್ಲ. ಕ್ಲಿನಿಕ್ಕಿನಲ್ಲಿ 'ಲೆಗ್ ಪೇನ್, ಕ್ರ್ಯಾಂಪ್' ಎಂದೆ. ನಾನು ಹೇಳಿದ್ದಕ್ಕೆ ತಕ್ಕ ಔಷಧವನ್ನೇ ಕೊಟ್ಟರು. ತಪ್ಪು ನನ್ನ ಮಾತಿನಲ್ಲಿತ್ತು.

2023ರ ಜುಲೈಯಲ್ಲಿ ಒಂದು ಶುಕ್ರವಾರ ಮಂಗಾಫಿನ ಸಮುದ್ರ ದಂಡೆಗೆ ಹೋಗಿದ್ದೆವು. ಬಿಸಿಲು ಇಳಿದಿರಲಿಲ್ಲ. ಚಪ್ಪಲಿ ಕಾರಿನಲ್ಲಿ ಬಿಟ್ಟು ಮರಳಿನ ಮೇಲೆ ಐವತ್ತು ಹೆಜ್ಜೆ ನಡೆದೆ. ಜೊತೆಯವರು ಕುಣಿಯುತ್ತ ನೀರಿಗೆ ಓಡಿದರು. ನನಗೆ ಸ್ವಲ್ಪ ಬೆಚ್ಚಗೆ ಅನ್ನಿಸಿತು, ಅಷ್ಟೇ. ಮರುದಿನ ಸಾಕ್ಸ್ ಬಿಚ್ಚಿದಾಗ ಹೆಬ್ಬೆರಳ ಕೆಳಗೆ ಎರಡು ದೊಡ್ಡ ಬೊಕ್ಕೆ. ನೋವಿರಲಿಲ್ಲ. ಹೆದರಿಕೆ ಬಂದದ್ದು ಆಗ.

ಗಾಯ ತೋರಿಸಲು ಹೋದಾಗ ಬೇರೊಬ್ಬ ಡಾಕ್ಟರು, ಈಜಿಪ್ಟಿನವರು, ನೇರವಾಗಿ ಕೇಳಿದರು: "ತನ್ಮೀಲ್?" ನನಗೆ ಅರ್ಥವಾಗಲಿಲ್ಲ. ತಮ್ಮ ಬೆರಳುಗಳನ್ನು ಇರುವೆಯಂತೆ ಮೇಜಿನ ಮೇಲೆ ಓಡಿಸಿ ತೋರಿಸಿದರು. ಜೋಮು! ನಾನು ಕನ್ನಡದಲ್ಲೇ "ಹೌದು, ಹೌದು" ಎಂದುಬಿಟ್ಟೆ. ಅವರು ನೈಲಾನಿನ ತೆಳು ಎಳೆಯೊಂದನ್ನು ಪಾದದ ಅಲ್ಲಲ್ಲಿ ಒತ್ತಿದರು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಈ ಎಳೆಯ ಹೆಸರು ಮಾನೊಫಿಲಮೆಂಟ್. ಆಮೇಲೆ ಶ್ರುತಿಕವೆಯನ್ನು ಮಿಡಿದು ಹೆಬ್ಬೆರಳಿನ ಮೇಲಿಟ್ಟರು. ಕೆಲವು ಕಡೆ ಎಳೆ ತಾಗಿದ್ದು ತಿಳಿಯಲಿಲ್ಲ. ಕವೆಯ ಕಂಪನವೂ ಬೇಗ ಮಾಯವಾಯಿತು. ಇದು ನರಗಳ ಹಾನಿ. ಬಹಳ ಕಾಲ ಹೆಚ್ಚಿದ ಸಕ್ಕರೆ ನರಗಳನ್ನೂ ಅವುಗಳಿಗೆ ರಕ್ತ ಕೊಡುವ ಸಣ್ಣ ನಾಳಗಳನ್ನೂ ಕೆಡಿಸುತ್ತದೆ. ಅತಿ ಉದ್ದದ ನರಗಳಿಗೆ ಮೊದಲ ಪೆಟ್ಟು. ಆದ್ದರಿಂದ ಜೋಮು ಎರಡೂ ಪಾದಗಳ ಬೆರಳಿನಿಂದ ಶುರುವಾಗಿ ಸಾಕ್ಸ್ ಎಳೆದಂತೆ ಮೇಲೇರುತ್ತದೆ. ಕೈಬೆರಳಿಗೆ ಸಾಮಾನ್ಯವಾಗಿ ಆಮೇಲೆ ಬರುತ್ತದೆ.

ಅವರು ಬಿ12 ಜೀವಸತ್ವದ ಪರೀಕ್ಷೆಯನ್ನೂ ಬರೆದುಕೊಟ್ಟರು. ಬಂದದ್ದು 118. ಇಲ್ಲಿಯೂ ಅಳತೆಯ ಗೊಂದಲವಿದೆ. ಇದು ಲೀಟರಿಗೆ ಪಿಕೋಮೋಲ್. ಊರಿನ ಪಿಕೋಗ್ರಾಂ ಲೆಕ್ಕದಲ್ಲಿ ಸುಮಾರು 160. ಸಾಮಾನ್ಯವಾಗಿ ಕೊರತೆಯ ಗೆರೆ ಎನ್ನುವ 148ಕ್ಕಿಂತ, ಅಂದರೆ ಊರಿನ 200ಕ್ಕಿಂತ, ಕೆಳಗೆ.

ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಂಥ ಪ್ರಾಣಿಜನ್ಯ ಆಹಾರದಲ್ಲಿ. ನಾನು ಸಸ್ಯಾಹಾರಿ; ರೂಮಿನ ಅಡುಗೆಯಲ್ಲಿ ಹಾಲು ಮೊಸರು ಕಡಿಮೆ. ಅದರ ಮೇಲೆ ಮೆಟ್‌ಫಾರ್ಮಿನ್. ಮಧುಮೇಹಕ್ಕೆ ಜಗತ್ತಿನಾದ್ಯಂತ ಮೊದಲು ಕೊಡುವ, ಅಗ್ಗದ, ಒಳ್ಳೆಯ ಮಾತ್ರೆ ಅದು. ಆದರೆ ಕರುಳು ಬಿ12 ಹೀರಿಕೊಳ್ಳುವುದನ್ನು ಅದು ಕಡಿಮೆ ಮಾಡಬಲ್ಲದು. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೊರತೆಯ ಲಕ್ಷಣವಿದ್ದರೆ ಬಿ12 ಪರೀಕ್ಷಿಸಬೇಕು, ಕೊರತೆಯ ಸಂಭವ ಹೆಚ್ಚಿರುವವರಲ್ಲಿ ಆಗಾಗ ನೋಡುತ್ತಿರಬೇಕು ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಸೂಚಿಸಿತು. ಬಿ12 ಕೊರತೆಯ ಜೋಮು ಮತ್ತು ಸಕ್ಕರೆಯ ಜೋಮು ರೋಗಿಗೆ ಒಂದೇ ತೆರನಾಗಿ ಕಾಣುತ್ತವೆ. ವ್ಯತ್ಯಾಸ ದೊಡ್ಡದು: ಮೊದಲನೆಯದನ್ನು ಬೇಗ ಹಿಡಿದರೆ ಚುಚ್ಚುಮದ್ದು ಅಥವಾ ಮಾತ್ರೆಯಿಂದ ಸರಿಪಡಿಸಬಹುದು, ತಡವಾದಷ್ಟೂ ನರ ಪೂರ್ತಿ ಚೇತರಿಸಿಕೊಳ್ಳುವುದು ಕಷ್ಟ. ಚುಚ್ಚುಮದ್ದಿನ ನಂತರ ಕೆಲವು ತಿಂಗಳಲ್ಲಿ ನನ್ನ ಉರಿ ಬಹಳ ಇಳಿಯಿತು. ಎರಡು ಬೆರಳುಗಳ ತುದಿಯ ಮರಗಟ್ಟುವಿಕೆ ಮಾತ್ರ ಇಂದಿಗೂ ಉಳಿದಿದೆ. ಆ ಒಂದೂವರೆ ವರ್ಷದ ಬೆಲೆ ಅದು.

ಮಧುಮೇಹ ತಿಳಿದ ಹೊಸತರಲ್ಲಿ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಬಹಳ ಹೆಚ್ಚಿದ್ದ ಸಕ್ಕರೆಯನ್ನು ಕೆಲವೇ ವಾರಗಳಲ್ಲಿ ವೇಗವಾಗಿ ಇಳಿಸಿದಾಗ ಕೆಲವರಿಗೆ ನರದ ನೋವು, ಉರಿ ಹೊಸದಾಗಿ ಶುರುವಾಗುತ್ತದೆ. 'ಔಷಧದಿಂದಲೇ ಕೆಟ್ಟಿತು' ಎಂದು ಬಿಟ್ಟುಬಿಡುವವರಿದ್ದಾರೆ. ಬಿಡಬಾರದು. ಡಾಕ್ಟರಿಗೆ ಹೇಳಿದರೆ ಇಳಿಕೆಯ ವೇಗವನ್ನು ಹೊಂದಿಸುತ್ತಾರೆ, ನೋವಿಗೂ ಔಷಧವಿದೆ. ಸಕ್ಕರೆಯ ಹತೋಟಿ ನರವನ್ನು ಕಾಪಾಡುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ: 1993ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ದೊಡ್ಡ ಪ್ರಯೋಗದಲ್ಲಿ, ಒಂದನೆಯ ಬಗೆಯ ಮಧುಮೇಹಿಗಳಲ್ಲಿ ಬಿಗಿಯಾದ ಹತೋಟಿಯಿಂದ ನರಹಾನಿ ಸುಮಾರು ಶೇ. 60ರಷ್ಟು ತಗ್ಗಿತು. ನಮ್ಮಲ್ಲಿ ಹೆಚ್ಚಿನವರಿಗಿರುವ ಎರಡನೆಯ ಬಗೆಯಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಆದರೂ ಇದೆ.

ಇದೆಲ್ಲ ಹೊಸ ಅರಿವೇನಲ್ಲ. ಚರಕಸಂಹಿತೆ ಪ್ರಮೇಹದ ಮುನ್ಸೂಚನೆಗಳನ್ನು ಪಟ್ಟಿ ಮಾಡುವಾಗ ಕೈಕಾಲುಗಳ ಮರಗಟ್ಟುವಿಕೆಯನ್ನೂ ಉರಿಯನ್ನೂ ಎರಡು ಲಕ್ಷಣಗಳಾಗಿ ಹೆಸರಿಸುತ್ತದೆ. ಆ ಹಳೆಯ ವೈದ್ಯರು ಬೇರ್ಪಡಿಸಿದ್ದನ್ನು ನಾನು 'ಲೆಗ್ ಪೇನ್' ಎಂದು ಒಂದೇ ಮೂಟೆ ಕಟ್ಟಿದ್ದೆ.

ಕೈಗಳಿಗೆ ಒಂದು ನಮಸ್ಕಾರ

ಕೈಯ ವಿಷಯದಲ್ಲಿ ಮೂರು ಸ್ಥಿತಿಗಳನ್ನು ಬೇರ್ಪಡಿಸಬೇಕು. ಮೊದಲನೆಯದು ಪೆಡಸು. ಹೆಚ್ಚಿನ ಸಕ್ಕರೆ ಚರ್ಮ ಮತ್ತು ಕೀಲಿನ ಸುತ್ತಲಿನ ಕೊಲಾಜೆನ್ ಎಂಬ ನಾರಿಗೆ ಅಂಟಿಕೊಂಡು ಅದನ್ನು ಬಿರುಸಾಗಿಸುತ್ತದೆ. ಪರೀಕ್ಷೆ ಸುಲಭ: ಎದೆಯ ಮುಂದೆ ಕೈಜೋಡಿಸಿ ನಮಸ್ಕಾರ ಮಾಡಿ. ಎರಡೂ ಅಂಗೈಗಳು, ಎಲ್ಲ ಬೆರಳುಗಳು ಒಂದಕ್ಕೊಂದು ಪೂರ್ತಿ ತಾಗಬೇಕು. ನಡುವೆ ಸಂದು ಉಳಿದರೆ ಡಾಕ್ಟರಿಗೆ ತೋರಿಸಿ. ಇದರಲ್ಲಿ ನೋವು ಅಷ್ಟಾಗಿ ಇರುವುದಿಲ್ಲ, ಆದ್ದರಿಂದ ಗಮನಕ್ಕೆ ಬರುವುದಿಲ್ಲ.

ಎರಡನೆಯದು ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು; ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಆರಾಮ; ಕಿರುಬೆರಳಿಗೆ ಏನೂ ಇಲ್ಲ. ದಿನವಿಡೀ ಸ್ಟಿಯರಿಂಗ್ ಹಿಡಿಯುವವರು, ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಇದನ್ನು 'ಕೈ ಸೆಳೆತ' ಎನ್ನುತ್ತಾರೆ. ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯನ್ನು ರಾತ್ರಿ ಕಟ್ಟಿಕೊಂಡರೆ ಬಹಳ ಮಂದಿಗೆ ಹಿತವಾಗುತ್ತದೆ. ಮೂರನೆಯದು, ಮಡಚಿದ ಬೆರಳು ಸಿಕ್ಕಿಹಾಕಿಕೊಂಡು, ಬಿಡಿಸುವಾಗ 'ಟಕ್' ಎನ್ನುವುದು. ಮೂರೂ ಮಧುಮೇಹಿಗಳಲ್ಲಿ ಹೆಚ್ಚು, ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ.

ನಡೆದಾಗ ಬಂದು ನಿಂತಾಗ ಹೋಗುವ ನೋವು

ಇನ್ನೊಂದು ನೋವೂ ಸೆಳೆತದ ವೇಷದಲ್ಲಿ ಬರುತ್ತದೆ. ಇಂತಿಷ್ಟು ದೂರ ನಡೆದಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಕೆಲವು ನಿಮಿಷಗಳಲ್ಲಿ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಇದು ಕಾಲಿನ ರಕ್ತನಾಳ ಕಿರಿದಾದ ಸೂಚನೆ. ಬೀಡಿ ಸಿಗರೇಟು ಸೇದುವ ಮಧುಮೇಹಿಗಳಿಗೆ ಅಪಾಯ ಹೆಚ್ಚು. ತೋಳಿನ ಮತ್ತು ಕಾಲಿನ ರಕ್ತದೊತ್ತಡವನ್ನು ಹೋಲಿಸುವ ಸರಳ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಇದಕ್ಕೆ ಎಣ್ಣೆ ತಿಕ್ಕಿ ಕಾಲ ಕಳೆಯಬಾರದು. ಹಾಗೆಯೇ ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುವುದು, ದೇಹದ ಒಂದೇ ಬದಿಯ ಕೈಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುವುದು, ಪಾದದ ಗಾಯ ಕಪ್ಪಾಗುವುದು ಇವು ಕಾಯುವ ವಿಷಯಗಳಲ್ಲ. ಇಲ್ಲಿಯ ತುರ್ತು ಸಂಖ್ಯೆ 112.

ಡಾಕ್ಟರ ಮುಂದೆ ಏನು ಹೇಳಬೇಕು?

ಇಲ್ಲಿ ನಮ್ಮ ಡಾಕ್ಟರಿಗೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ಬರುವುದು ಅಪರೂಪ. ನಮ್ಮ ಇಂಗ್ಲಿಷ್ 'ಪೇನ್' ಎಂಬಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಈ ನಾಲ್ಕೈದು ಪದಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಗಂಟು ಕಟ್ಟುವ ಸೆಳೆತಕ್ಕೆ ಇಂಗ್ಲಿಷಿನಲ್ಲಿ ಕ್ರ್ಯಾಂಪ್, ಅರಬ್ಬಿಯಲ್ಲಿ ತಶನ್ನುಜ್. ಜೋಮಿಗೆ ಟಿಂಗ್ಲಿಂಗ್, ತನ್ಮೀಲ್. ಮರಗಟ್ಟಿದ್ದಕ್ಕೆ ನಂಬ್‌ನೆಸ್, ಖದರ್. ಉರಿಗೆ ಬರ್ನಿಂಗ್, ಹುರ್ಕಾ. ಪೆಡಸಿಗೆ ಸ್ಟಿಫ್‌ನೆಸ್.

ಹೋಗುವ ಮೊದಲು ಎರಡು ವಾರ ಚಿಕ್ಕ ಟಿಪ್ಪಣಿ ಇಡಿ: ಯಾವ ಹೊತ್ತು, ಒಂದು ಕಾಲೋ ಎರಡೋ, ಸ್ನಾಯು ಗಟ್ಟಿಯಾಯಿತೋ ಇಲ್ಲವೋ, ಎಷ್ಟು ಹೊತ್ತು, ಆಗ ಗ್ಲೂಕೋಮೀಟರ್ ಎಷ್ಟು ತೋರಿಸಿತು, ಯಾವ ಮಾತ್ರೆ ಹೊಸದು. ಇನ್ಸುಲಿನ್ ತೆಗೆದುಕೊಳ್ಳುವವರು ರಾತ್ರಿ ಬೆವರಿ, ನಡುಗಿ ಎದ್ದರೆ ಮೊದಲು ಸಕ್ಕರೆ ನೋಡಿ, ಅದು ಇಳಿದಿರಬಹುದು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಮೂತ್ರಪಿಂಡ, ಥೈರಾಯ್ಡ್, ಬಿ12, ವಿಟಮಿನ್ ಡಿ ಇವುಗಳಲ್ಲಿ ಯಾವುದನ್ನು ನೋಡಬೇಕು ಎಂದು ಕೇಳಿ. 2022ರ ಡಿಸೆಂಬರಿನಿಂದ ಸರ್ಕಾರಿ ಪಾಲಿಕ್ಲಿನಿಕ್ಕುಗಳಲ್ಲಿ ವಿದೇಶಿಯರಿಗೆ ಔಷಧಕ್ಕೆ 5 ದಿನಾರ್ ಶುಲ್ಕ ಬಂದ ಮೇಲೆ, ಕಡಿಮೆ ಸಂಬಳದವರು ಭೇಟಿಯನ್ನು ಮುಂದೂಡುವುದನ್ನು ನೋಡಿದ್ದೇನೆ. ಹೋಗುವುದು ವರ್ಷಕ್ಕೆ ಕೆಲವೇ ಸಲವಾದರೆ ಆ ಹತ್ತು ನಿಮಿಷದಲ್ಲಿ ಸರಿಯಾದ ಪದ ಹೇಳುವುದು ಇನ್ನಷ್ಟು ಮುಖ್ಯ.

ಡಾಕ್ಟರಿಲ್ಲದೆಯೂ ಮಾಡಬಹುದಾದ ಒಂದು ಪರೀಕ್ಷೆ ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡಿದೆ. ನೀವು ಕಣ್ಣುಮುಚ್ಚಿ ಮಲಗಿ. ಇನ್ನೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತಮ್ಮ ಬೆರಳಿನಿಂದ ಹಗುರವಾಗಿ, ಒಂದೆರಡು ಸೆಕೆಂಡು ಮಾತ್ರ ಮುಟ್ಟಲಿ. ಒತ್ತಬಾರದು, ತಟ್ಟಬಾರದು. ಒಟ್ಟು ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ಸಂವೇದನೆ ಕುಂದಿರಬಹುದು, ಡಾಕ್ಟರನ್ನು ಕಾಣಬೇಕು. ಕುಟುಂಬ ಜೊತೆಗಿಲ್ಲದವರಿಗೆ ರೂಮಿನವರೇ ಮಾಡಬಹುದು. ನಮ್ಮ ರೂಮಿನಲ್ಲಿ ಮೊದಲ ದಿನ ಎಲ್ಲರೂ ಕಚಗುಳಿ ಎಂದು ನಕ್ಕರು. ಒಬ್ಬರು ನಗಲಿಲ್ಲ. ಅವರಿಗೆ ಮೂರು ಕಡೆ ತಿಳಿದಿರಲಿಲ್ಲ.

ಇಲ್ಲಿಯ ದಿನಚರಿಗೆ

ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಕುವೈತ್ ನಿಷೇಧಿಸಿದೆ. ಆ ವೇಳೆಯ ಹೊರಗೂ ಬಿಸಿಲು ಬಿಸಿಲೇ. ಬಾಯಾರುವ ಮೊದಲೇ ಸ್ವಲ್ಪ ಸ್ವಲ್ಪ ನೀರು ಕುಡಿಯಿರಿ. ಸೈಟಿನಲ್ಲಿ ಟಾಯ್ಲೆಟ್ ದೂರವೆಂದು ನೀರು ಬಿಡುವುದು ನಮ್ಮವರ ದೊಡ್ಡ ತಪ್ಪು. ವಿಪರೀತ ಬೆವರಿದ ದಿನ ಒಂದು ಲೋಟ ಉಪ್ಪು ಮಜ್ಜಿಗೆ ಅಥವಾ ಲಬನ್, ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳಿ. ತಂಪು ಪಾನೀಯ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇದ್ದರೆ, ಸಾಮಾನ್ಯ ಕೋಲಾದಲ್ಲಿ ಲೀಟರಿಗೆ ನೂರು ಗ್ರಾಮಿನಷ್ಟು ಸಕ್ಕರೆ ಇರುತ್ತದೆ. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವುದರಿಂದಲೇ ಸೆಳೆತ ಎನ್ನುವವರಿದ್ದಾರೆ. ಖನಿಜಗಳ ಹೆಚ್ಚಿನ ಪಾಲು ನಮಗೆ ಸಿಗುವುದು ಊಟದಿಂದ. ಅನ್ನ, ಖುಬೂಸಿನ ಜೊತೆ ಸೊಪ್ಪು, ಕಾಳು, ಮೊಸರು ಇರಲಿ. ರಂಜಾನಿನ ಉಪವಾಸ ಮಾಡುವ ಮಧುಮೇಹಿಗಳು ತಿಂಗಳು ಮೊದಲೇ ಔಷಧದ ಹೊತ್ತನ್ನು ಡಾಕ್ಟರ ಜೊತೆ ಹೊಂದಿಸಿಕೊಳ್ಳಲಿ.

ಪಾದಕ್ಕೆ ಒಂದೇ ನಿಯಮ: ಬರಿಗಾಲು ಬೇಡ. ಮರಳಿನ ಮೇಲೂ ಬೇಡ, ಟೆರೇಸಿನ ಮೇಲೂ ಬೇಡ, ಪಾರ್ಕಿಂಗಿನಲ್ಲೂ ಬೇಡ. ಶೂ ಹಾಕುವ ಮೊದಲು ಒಳಗೆ ಕೈಯಾಡಿಸಿ. ಸ್ನಾನದ ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ನೋಡಿ.

ಈಗ ನಾನು ರಾತ್ರಿ ಮಲಗುವ ಮುನ್ನ ಗೋಡೆಗೆ ಒರಗಿ ಕಾಲು ಹಿಗ್ಗಿಸುತ್ತೇನೆ, ಆಮೇಲೆ ಫೋನಿನ ಬೆಳಕಿನಲ್ಲಿ ಎರಡೂ ಅಂಗಾಲು ನೋಡಿಕೊಳ್ಳುತ್ತೇನೆ. ಐದು ನಿಮಿಷದ ಕೆಲಸ. ವಾರಕ್ಕೊಮ್ಮೆ ಅಮ್ಮ ಫೋನಿನಲ್ಲಿ ಕೇಳುತ್ತಾರೆ, "ಕಾಲು ಹೇಗಿದೆ?" ಎಂದು. ಮೊದಲು "ಪರವಾಗಿಲ್ಲ" ಎಂದು ಮುಗಿಸುತ್ತಿದ್ದೆ. ಈಗ ಸರಿಯಾಗಿ ಹೇಳುತ್ತೇನೆ: ಸೆಳೆತ ಇಲ್ಲ, ಉರಿ ಕಡಿಮೆ, ಎರಡು ಬೆರಳಿಗೆ ಮಾತ್ರ ಜೋಮು. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ನೀವೂ ಹೀಗೆಯೇ ಹೇಳಿ. ಮತ್ತು ಅವರು ಕೇಳದಿದ್ದರೂ ಸಾಕ್ಸ್ ಬಿಚ್ಚಿ ತೋರಿಸಿ.